ಅಸಲಿ ಸಹಿ, ಖೋಟಾ ಸಹಿ: ಗುರುತು ಹಿಡಿಯುವ ವಿದ್ಯೆ

ಒಬ್ಬರೇ ವ್ಯಕ್ತಿ ಒಂದೇ ದಿನ ಹತ್ತು ಸಲ ಸಹಿ ಹಾಕಿದರೂ, ಒಂದರ ಮೇಲೊಂದು ಇಟ್ಟು ನೋಡಿದಾಗ ಯಾವ ಎರಡೂ ಪೂರ್ತಿ ಹೊಂದುವುದಿಲ್ಲ. ಒಂದು ತುಸು ಓರೆಯಾಗಿರುತ್ತದೆ, ಇನ್ನೊಂದರ ಬಾಲ ಗಿಡ್ಡವಾಗಿರುತ್ತದೆ, ಮತ್ತೊಂದರಲ್ಲಿ ಅಕ್ಷರವೊಂದು ನುಂಗಿಹೋಗಿರುತ್ತದೆ. ಹಸ್ತಾಕ್ಷರ ಪರೀಕ್ಷೆ ಕಲಿಯುವವರು ಮೊದಲು ಮನದಟ್ಟು ಮಾಡಿಕೊಳ್ಳಬೇಕಾದ ಸಂಗತಿ ಇದು. ಹೊಸಬರು ಸಾಮಾನ್ಯವಾಗಿ ಇದಕ್ಕೆ ತದ್ವಿರುದ್ಧವಾಗಿ ಯೋಚಿಸುತ್ತಾರೆ: ಪುಸ್ತಕದಲ್ಲಿ ಅಚ್ಚಾದ ಮಾದರಿಗೆ ಕೈಯಲ್ಲಿರುವ ಸಹಿ ಎಷ್ಟು ಹೋಲುತ್ತದೋ ಅಷ್ಟು ಅಸಲಿ ಎಂದು ನಂಬುತ್ತಾರೆ. ಆದರೆ ಖೋಟಾ ಸಹಿ ಹಾಕುವವನಿಗೆ ಅತಿ ಸುಲಭವಾಗಿ ದಕ್ಕುವುದು ಆಕಾರವೇ. ಅವನ ಕೈಗೆ ಸಿಗದಿರುವುದು ಬರೆದವರ ವೇಗ, ಒತ್ತಡ ಮತ್ತು ಅಭ್ಯಾಸ.

ಅಸಲಿಯಲ್ಲದ ಸಹಿಗಳೆಲ್ಲ ಮೋಸದವಲ್ಲ. ಹೆಸರಾಂತರ ಪರವಾಗಿ ಅವರ ಆಪ್ತ ಸಹಾಯಕರು ಒಪ್ಪಿಗೆ ಪಡೆದೇ ಹಾಕಿದ ಸಹಿಗಳಿವೆ. ರಬ್ಬರ್ ಮೊಹರಿನಿಂದ ಒತ್ತಿದ ಸಹಿಗಳಿವೆ. ಸಿನಿಮಾ ನಟರು ಅಭಿಮಾನಿಗಳಿಗೆ ಕಳಿಸುತ್ತಿದ್ದ ಫೋಟೋಗಳ ಮೇಲೆ ಬಹುಮಟ್ಟಿಗೆ ಇರುವುದು ಅಚ್ಚಿನ ಸಹಿ. ಅಂಗಡಿಯ ಕ್ರಿಕೆಟ್ ಬ್ಯಾಟುಗಳ ಮೇಲಿನದೂ ಹಾಗೆಯೇ. ಸರ್ಕಾರಿ ನಕಲುಗಳಲ್ಲಿ ಬೆರಳಚ್ಚಾದ ‘ಸಹಿ/-’ ಎಂಬುದು ಸಹಿ ಇತ್ತೆಂಬ ಸೂಚನೆ ಮಾತ್ರ. ಅಮೆರಿಕದಲ್ಲಿ ಎರಡನೆಯ ಮಹಾಯುದ್ಧದ ನಂತರ ಅಧ್ಯಕ್ಷರು, ಗಗನಯಾತ್ರಿಗಳು ಬಳಸಿದ ಆಟೋಪೆನ್ ಎಂಬ ಯಂತ್ರ ನಿಜವಾದ ಪೆನ್ನು, ನಿಜವಾದ ಇಂಕಿನಿಂದಲೇ ಬರೆಯುತ್ತದೆ. ಅದರ ಗುಟ್ಟು ಬಯಲಾಗುವುದು ಎರಡು ಕಾಗದಗಳ ಮೇಲಿನ ಸಹಿಗಳು ತಪ್ಪಿಲ್ಲದೆ ಒಂದರ ಮೇಲೊಂದು ಕೂತಾಗ. ಇವೆಲ್ಲವನ್ನೂ ಬದಿಗಿಟ್ಟ ಮೇಲೆ ಉಳಿಯುವುದು ಉದ್ದೇಶಪೂರ್ವಕ ಖೋಟಾ. ಅದರಲ್ಲಿ ಮೂರು ಬಗೆ. ಮೂಲವನ್ನು ನೋಡದೆಯೇ ಹೆಸರು ಗೀಚುವುದು ಮೊದಲನೆಯದು. ಮೂಲವನ್ನು ಎದುರಿಗಿಟ್ಟುಕೊಂಡು ಕೈ ಪಳಗಿಸಿ ಬರೆಯುವುದು ಎರಡನೆಯದು. ಕಿಟಕಿ ಗಾಜಿನ ಮೇಲೋ ಕಾರ್ಬನ್ ಹಾಳೆಯಿಂದಲೋ ಮೂಲದ ಗೆರೆಯನ್ನೇ ತಿದ್ದಿ ತೆಗೆಯುವುದು ಮೂರನೆಯದು. ಇವುಗಳಲ್ಲಿ ಎರಡನೆಯದೇ ಅಪಾಯಕಾರಿ.

ಕನ್ನಡ ನಾಡಿನಲ್ಲಿ ಈ ಪ್ರಶ್ನೆ ಕಾಗದಕ್ಕಿಂತ ಹಳೆಯದು. ವಿಜಯನಗರದ ಅರಸರ ತಾಮ್ರಶಾಸನಗಳ ಪಠ್ಯ ನಾಗರಿಯಲ್ಲಿದ್ದರೂ ಕೊನೆಯಲ್ಲಿ ಬರುವ ‘ಶ್ರೀ ವಿರೂಪಾಕ್ಷ’ ಎಂಬ ಒಪ್ಪ ಕನ್ನಡ ಅಕ್ಷರದಲ್ಲಿರುತ್ತದೆ. ಟಿಪ್ಪು ಸುಲ್ತಾನ್ ತನ್ನ ಪತ್ರಗಳಿಗೆ ‘ನಬಿ ಮಾಲಿಕ್’ ಎಂಬ ಹೆಣೆದ ಅಕ್ಷರಗಳ ರುಜು ಹಾಕುತ್ತಿದ್ದ. ಅರಸರ ಒಪ್ಪಕ್ಕೆ ಬೆಲೆ ಇದ್ದ ಕಡೆ ಖೋಟಾ ಶಾಸನಗಳೂ ಹುಟ್ಟಿದವು. ಗಂಗರ ತಾಮ್ರಪಟಗಳ ಬಗ್ಗೆ ಶಾಸನತಜ್ಞರಾದ ಜೆ.ಎಫ್. ಫ್ಲೀಟ್ ಮತ್ತು ಬಿ.ಎಲ್. ರೈಸ್ ನಡುವೆ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ದೊಡ್ಡ ವಾದವೇ ನಡೆಯಿತು. ಅಕ್ಷರರೂಪ ಹೇಳಿದ ಕಾಲಕ್ಕೆ ಒಗ್ಗುವುದಿಲ್ಲ, ತಿಥಿ ವಾರಗಳು ತಾಳೆಯಾಗುವುದಿಲ್ಲ ಎಂದು ಫ್ಲೀಟ್ ಹಲವನ್ನು ಖೋಟಾ ಎಂದರು. ರೈಸ್ ಅವುಗಳ ಪರ ನಿಂತರು. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಸೀಮೆಯ ಶಾಸನಗಳನ್ನು ಒಳಗೊಂಡ ಎಪಿಗ್ರಾಫಿಯಾ ಕರ್ನಾಟಿಕಾದ ಕೋಲಾರ ಸಂಪುಟವನ್ನು 1905ರಲ್ಲಿ ಹೊರತಂದವರು ಇದೇ ರೈಸ್. ಪ್ರತಿ ಶಾಸನದ ತೀರ್ಪಿನಲ್ಲಿ ಯಾರು ಸರಿ ಎಂಬುದು ಬೇರೆ ಮಾತು. ಅಕ್ಷರ, ಕಾಲ, ದಿನಾಂಕ ಈ ಮೂರನ್ನೂ ಬೇರೆ ಬೇರೆಯಾಗಿ ಪರೀಕ್ಷಿಸಿ ಒಂದಕ್ಕೊಂದು ತಾಳೆ ನೋಡುವ ಕ್ರಮ ಇಂದಿನ ಸಹಿ ಪರೀಕ್ಷೆಗೂ ಸಲ್ಲುತ್ತದೆ.

ಈ ವಿದ್ಯೆಗೆ ಮಂಚೇನಹಳ್ಳಿಯ ಸುತ್ತಣ ಸೀಮೆ ಒಳ್ಳೆಯ ಪಾಠಶಾಲೆ. ಚಿಕ್ಕಬಳ್ಳಾಪುರದಿಂದ ಗೌರಿಬಿದನೂರಿಗೆ ಹೋಗುವ ದಾರಿಯಲ್ಲಿರುವ, ಹೋಬಳಿ ಕೇಂದ್ರವಾಗಿದ್ದು ಈಚೆಗೆ ತಾಲ್ಲೂಕು ಕೇಂದ್ರವಾದ ಈ ಊರಿನ ಒಂದು ಕಡೆಗೆ ನಂದಿಬೆಟ್ಟ ಮತ್ತು ಮುದ್ದೇನಹಳ್ಳಿ, ಇನ್ನೊಂದು ಕಡೆಗೆ 1938ರ ಏಪ್ರಿಲ್ 25ರಂದು ಧ್ವಜ ಸತ್ಯಾಗ್ರಹಿಗಳ ಮೇಲೆ ಗುಂಡು ಹಾರಿದ ವಿದುರಾಶ್ವತ್ಥ. ನಂದಿಯಲ್ಲಿ ಗಾಂಧೀಜಿ ಎರಡು ಸಲ ತಂಗಿದ್ದರು. ಮುದ್ದೇನಹಳ್ಳಿ ಸರ್ ಎಂ. ವಿಶ್ವೇಶ್ವರಯ್ಯನವರ ಹುಟ್ಟೂರು. ಸಂಗ್ರಾಹಕರ ಕೈಯಲ್ಲಿ ಹೆಚ್ಚು ಓಡಾಡುವ, ಹಾಗಾಗಿಯೇ ಹೆಚ್ಚು ಖೋಟಾ ಆಗಬಹುದಾದ ಎರಡು ಸಹಿಗಳು ಈ ಎರಡು ಹೆಸರುಗಳವು.

ಗಾಂಧೀಜಿಯ ಸಹಿ ಹೊಸಬರನ್ನು ದಾರಿ ತಪ್ಪಿಸುತ್ತದೆ, ಏಕೆಂದರೆ ಅವರದು ಒಂದೇ ಸಹಿಯಲ್ಲ. ಇಂಗ್ಲಿಷಿನಲ್ಲಿ, ಗುಜರಾತಿಯಲ್ಲಿ, ನಾಗರಿಯಲ್ಲಿ ಸಹಿ ಮಾಡುತ್ತಿದ್ದರು. ಕೇಳಿದವರಿಗಾಗಿ ಬೇರೆ ಭಾರತೀಯ ಲಿಪಿಗಳಲ್ಲೂ ಮಾಡಿದ್ದಾರೆ. ಆಪ್ತರಿಗೆ ಬರೆದ ಪತ್ರದ ಕೊನೆಗೆ ಹೆಸರಿರುವುದಿಲ್ಲ, ‘ಬಾಪು’ ಎಂದಷ್ಟೇ ಇರುತ್ತದೆ. ಇನ್ನೂ ಮುಖ್ಯವಾದ ಸಂಗತಿ, ಬಲಗೈ ಸೋತಾಗ ಅವರು ಎಡಗೈಯಲ್ಲಿ ಬರೆಯುತ್ತಿದ್ದರು. 1909ರಲ್ಲಿ ಹಡಗಿನಲ್ಲಿ ಕೂತು ಬರೆದ ‘ಹಿಂದ್ ಸ್ವರಾಜ್’ ಹಸ್ತಪ್ರತಿಯ ಒಂದಷ್ಟು ಪುಟಗಳು ಎಡಗೈ ಬರಹದವು. ಎಡಗೈಯ ಸಹಿಯನ್ನು ಬಲಗೈಯ ಮಾದರಿಯ ಪಕ್ಕ ಇಟ್ಟು ಖೋಟಾ ಎನ್ನುವುದು ಎಷ್ಟು ತಪ್ಪೋ, ಸೊಟ್ಟಪಟ್ಟ ಸಹಿಯೊಂದನ್ನು ‘ಎಡಗೈಯದಿರಬೇಕು’ ಎಂದು ಒಪ್ಪಿಕೊಳ್ಳುವುದೂ ಅಷ್ಟೇ ತಪ್ಪು. ಎಡಗೈ ಬರಹಕ್ಕೆ ಎಡಗೈಯ ಮಾದರಿಯನ್ನೇ ಹುಡುಕಬೇಕು.

ಅವರ ಪತ್ರಗಳಲ್ಲಿ ಹಲವು ಕಾರ್ಯದರ್ಶಿಗಳಾದ ಮಹಾದೇವ ದೇಸಾಯಿ ಅಥವಾ ಪ್ಯಾರೇಲಾಲರ ಕೈಬರಹದಲ್ಲಿವೆ, ಸಹಿ ಮಾತ್ರ ಗಾಂಧೀಜಿಯದು. ಪತ್ರದ ಒಡಲಿಗೂ ಸಹಿಗೂ ಕೈ ಬೇರೆ ಎಂಬ ಒಂದೇ ಕಾರಣಕ್ಕೆ ಅನುಮಾನ ಪಡಬೇಕಿಲ್ಲ. ಬಳಸಿದ ಲಕೋಟೆಯನ್ನು ಬಿಚ್ಚಿ ಅದರ ಒಳಬದಿಯಲ್ಲಿ ಬರೆಯುವ ಮಿತವ್ಯಯ ಅವರದಾಗಿದ್ದರಿಂದ ಹರಕು ಕಾಗದವೂ ಅನುಮಾನಕ್ಕೆ ಕಾರಣವಲ್ಲ. ಅನುಮಾನ ಹುಟ್ಟಬೇಕಾದದ್ದು ಊರು ಮತ್ತು ದಿನಾಂಕ ಹೊಂದದಿದ್ದಾಗ. 1927ರ ಮಾರ್ಚ್‌ನಲ್ಲಿ ಪ್ರವಾಸದ ನಡುವೆ ರಕ್ತದೊತ್ತಡ ಏರಿ ಕುಸಿದ ಅವರು ವಿಶ್ರಾಂತಿಗೆಂದು ಏಪ್ರಿಲ್‌ನಲ್ಲಿ ನಂದಿಗೆ ಬಂದರು, ಜೂನ್ ಮೊದಲ ವಾರದವರೆಗೆ ಅಲ್ಲಿದ್ದು ಬೆಂಗಳೂರಿಗೆ ಇಳಿದರು. ಮತ್ತೆ ಬಂದದ್ದು 1936ರ ಮೇ ತಿಂಗಳಲ್ಲಿ. 1927ರ ಆಗಸ್ಟ್ ತಾರೀಖು ಹೊತ್ತ ‘ನಂದಿಬೆಟ್ಟ’ದ ಪತ್ರ ಕಾಣಿಸಿಕೊಂಡರೆ ಭೂತಗನ್ನಡಿ ತೆಗೆಯುವ ಅಗತ್ಯವೇ ಇಲ್ಲ. ನೂರು ಸಂಪುಟಗಳ ಗಾಂಧಿ ಸಮಗ್ರ ಕೃತಿಗಳಲ್ಲಿ ಅವರು ಯಾವಾಗ ಎಲ್ಲಿದ್ದರೆಂಬುದು ದಿನದಿನಕ್ಕೆ ಎಂಬಂತೆ ಸಿಗುತ್ತದೆ. ಇಷ್ಟು ಗಟ್ಟಿಯಾದ ಆಧಾರ ಬೇರೆ ಯಾವ ಭಾರತೀಯನ ಸಹಿಯ ಪರೀಕ್ಷೆಗೂ ಇಲ್ಲವೆಂದೇ ಹೇಳಬೇಕು. ಹರಿಜನ ನಿಧಿಗಾಗಿ ಅವರು ಸಹಿಗೆ ಐದು ರೂಪಾಯಿ ಪಡೆಯುತ್ತಿದ್ದದ್ದು ಪ್ರಸಿದ್ಧ. ಆದರೆ ಅದು 1930ರ ದಶಕದ ಸಂಗತಿ. ‘1927ರಲ್ಲಿ ನಂದಿಯಲ್ಲಿ ಹರಿಜನ ನಿಧಿಗೆ ಐದು ರೂಪಾಯಿ ಕೊಟ್ಟು ಪಡೆದದ್ದು’ ಎಂಬ ಕಥೆ ಸಹಿಯ ಜೊತೆ ಬಂದರೆ, ಆ ಕಥೆಯಂತೂ ಆಮೇಲೆ ಕಟ್ಟಿದ್ದು.

ವಿಶ್ವೇಶ್ವರಯ್ಯನವರ ಸಹಿಯ ಕಷ್ಟ ಬೇರೆ. 1880ರ ದಶಕದಲ್ಲಿ ಮುಂಬೈ ಪ್ರಾಂತ್ಯದ ಲೋಕೋಪಯೋಗಿ ಇಲಾಖೆ ಸೇರಿದವರು, 1912ರಿಂದ 1918ರವರೆಗೆ ಮೈಸೂರಿನ ದಿವಾನರು, 1955ರಲ್ಲಿ ಭಾರತರತ್ನ ಪಡೆದವರು, 1962ರ ಏಪ್ರಿಲ್‌ನಲ್ಲಿ ತೀರಿಕೊಂಡವರು. ಮುಕ್ಕಾಲು ಶತಮಾನ ಮೀರಿದ ಅವಧಿಯಲ್ಲಿ ಒಂದೇ ಕೈ ಸಹಿ ಹಾಕಿದೆ. ದಿವಾನಗಿರಿಯ ಕಡತದ ಸಹಿಯನ್ನು ತೊಂಬತ್ತೈದರ ವಯಸ್ಸಿನ ಪುಸ್ತಕದ ಸಹಿಯೊಂದಿಗೆ ಹೋಲಿಸಿದರೆ ಯಾವ ತೀರ್ಮಾನಕ್ಕೂ ಬರಲಾಗದು. ಪರೀಕ್ಷೆಗೆ ಬೇಕಾದದ್ದು ಆಯಾ ಕಾಲದ ಮಾದರಿ, ಹೆಚ್ಚೆಂದರೆ ಹಿಂದೆ ಮುಂದೆ ಮೂರು ನಾಲ್ಕು ವರ್ಷಗಳೊಳಗಿನದು. ಅವರು ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಬರೆಯುತ್ತಿದ್ದ ಕಾಗುಣಿತವೂ ಒಂದು ಗುರುತು. ‘ಶ್ವ’ ಅಕ್ಷರಕ್ಕೆ ಅವರು ‘ಎಸ್’ ಮತ್ತು ‘ವಿ’ ಮಾತ್ರ ಬಳಸುತ್ತಿದ್ದರು. ‘ಎಚ್’ ಆಗಲಿ ‘ಡಬ್ಲ್ಯೂ’ ಆಗಲಿ ಇರುತ್ತಿರಲಿಲ್ಲ. ಇಂದು ರಸ್ತೆ, ಕಾಲೇಜು, ಸಂಸ್ಥೆಗಳ ಫಲಕಗಳಲ್ಲಿ ಆ ಹೆಸರನ್ನು ನಾಲ್ಕಾರು ಬಗೆಯಲ್ಲಿ ಬರೆಯುವುದರಿಂದ ಅಜಾಗರೂಕ ಖೋಟಾಗಾರ ಇಲ್ಲೇ ಎಡವಬಹುದು. ಅವರ ಶತಮಾನೋತ್ಸವದ ಅಂಚೆಚೀಟಿ 1960ರಲ್ಲಿ, ಅವರು ಬದುಕಿದ್ದಾಗಲೇ ಬಂತು. ಹಾಗಾಗಿ ಆ ಚೀಟಿ ಅಂಟಿಸಿದ ಲಕೋಟೆಯ ಮೇಲೆ ಅವರ ಸಹಿ ಇರುವುದು ಸಾಧ್ಯ. ಆದರೆ ಸಾಧ್ಯವೆಂದ ಮಾತ್ರಕ್ಕೆ ಅಸಲಿಯಾಗದು.

ಮುಪ್ಪಿನ ಸಹಿಯ ನಡುಕವೂ ಖೋಟಾ ಸಹಿಯ ನಡುಕವೂ ಬರಿಗಣ್ಣಿಗೆ ಒಂದೇ ಬಗೆ ಕಾಣುತ್ತವೆ. ಇವೆರಡನ್ನು ಬೇರ್ಪಡಿಸಬಲ್ಲವರು ಈ ವಿದ್ಯೆಯಲ್ಲಿ ಅರ್ಧ ದಾರಿ ಸವೆಸಿದಂತೆ. ವಯಸ್ಸಾದವರ ಕೈ ನಡುಗಿದರೂ ಬರಹಕ್ಕೆ ಹೆದರುವುದಿಲ್ಲ. ಗೆರೆ ಅದುರುತ್ತ ಹೋದರೂ ಹೋಗಬೇಕಾದ ಕಡೆಗೇ ಹೋಗುತ್ತದೆ. ಕೊನೆಯ ಎಳೆತದಲ್ಲಿ ಪೆನ್ನು ಕಾಗದದಿಂದ ಸಹಜವಾಗಿ ಮೇಲೇಳುವುದರಿಂದ ತುದಿ ಸಣ್ಣಗಾಗುತ್ತದೆ. ಅಕ್ಷರ ಕೆಟ್ಟರೂ ತಿದ್ದುವ ಗೋಜಿಗೆ ಹೋಗಿರುವುದಿಲ್ಲ. ಖೋಟಾದ ನಡುಕ ನಿಧಾನದಿಂದ ಹುಟ್ಟಿದ್ದು. ಕಣ್ಣು ಮೂಲದ ಮೇಲೂ ಕೈ ಕಾಗದದ ಮೇಲೂ ಇರುವಾಗ ಗೆರೆ ತಡೆತಡೆದು ಸಾಗುತ್ತದೆ. ಏರುಗೆರೆಗೂ ಇಳಿಗೆರೆಗೂ ಒತ್ತಡ ಒಂದೇ ಸಮ ಇರುತ್ತದೆ. ಶುರುವಿನಲ್ಲೂ ಕೊನೆಯಲ್ಲೂ ತುದಿ ಮೊಂಡಾಗಿರುತ್ತದೆ, ಕೆಲವೊಮ್ಮೆ ಇಂಕು ಗಂಟುಕಟ್ಟಿರುತ್ತದೆ. ತಿರುವಿನ ನಡುವೆ, ಯಾರೂ ಪೆನ್ನು ಎತ್ತದ ಜಾಗದಲ್ಲಿ, ಎತ್ತಿ ಮತ್ತೆ ಇಟ್ಟ ಗುರುತು ಇರುತ್ತದೆ. ಒಮ್ಮೆ ಬರೆದ ಗೆರೆಯ ಮೇಲೆ ಸಣ್ಣಗೆ ತೇಪೆ ಹಾಕಿರುವುದಂತೂ ಬಲವಾದ ಸುಳಿವು. ತಮ್ಮ ಹೆಸರು ಬರೆಯುವವರಿಗೆ ಅದನ್ನು ಚೆಂದಗೊಳಿಸುವ ಅಗತ್ಯ ಬೀಳುವುದಿಲ್ಲ.

ಇವನ್ನು ಕಾಣಲು ಬೇಕಾದ ಸಲಕರಣೆ ದುಬಾರಿಯದಲ್ಲ. ಗಡಿಯಾರ ರಿಪೇರಿಯವರು ಕಣ್ಣಿಗಿಟ್ಟುಕೊಳ್ಳುವಂಥ ಹತ್ತು ಪಟ್ಟು ದೊಡ್ಡದು ಮಾಡುವ ಮಸೂರ ಸಾಕು. ಹಾಳೆಯ ಒಂದು ಬದಿಯಿಂದ ಓರೆಯಾಗಿ ಟಾರ್ಚು ಬಿಟ್ಟರೆ ಪೆನ್ನು ಒತ್ತಿದ ತಗ್ಗು, ಅಳಿಸಿದ ಪೆನ್ಸಿಲ್ ಗೆರೆಯ ಹಳ್ಳ, ಕಾಗದ ಕೆರೆದ ಒರಟು ಎದ್ದು ಕಾಣುತ್ತವೆ. ಹಿಂದಿನಿಂದ ಬೆಳಕು ಬಿಟ್ಟರೆ ತೇಪೆ ಹಾಕಿದ ಜಾಗ ಕಪ್ಪಾಗುತ್ತದೆ. ಇಂಕ್‌ಜೆಟ್ ಮುದ್ರಣದ ಸಹಿ ಮಸೂರದಡಿ ಬಣ್ಣದ ಚುಕ್ಕಿಗಳಾಗಿ ಒಡೆಯುತ್ತದೆ; ಲೇಸರ್ ಮುದ್ರಣದ ಪುಡಿ ಕಾಗದದ ಮೇಲೆಯೇ ಕೂತಿರುತ್ತದೆ, ನಾರಿನೊಳಗೆ ಇಳಿದಿರುವುದಿಲ್ಲ. ಹಳೆಯ ಮಡಿಕೆಯ ಮೇಲೆ ಆಮೇಲೆ ಸಹಿ ಹಾಕಿದ್ದರೆ ಇಂಕು ಮಡಿಕೆಯ ಮುರಿದ ನಾರುಗಳಲ್ಲಿ ಹರಡಿರುತ್ತದೆ. ಇನ್ನೊಂದು ಉಪಾಯ ಬಹಳ ಹಳೆಯದು: ಸಹಿಯನ್ನು ತಲೆಕೆಳಗು ಮಾಡಿ ನೋಡುವುದು. ಆಗ ಕಣ್ಣು ಹೆಸರನ್ನು ಓದುವುದು ಬಿಟ್ಟು ಗೆರೆಯನ್ನು ಗಮನಿಸತೊಡಗುತ್ತದೆ.

ಹಸ್ತಾಕ್ಷರ ಪರೀಕ್ಷೆಯ ಪ್ರಸಿದ್ಧ ಗ್ರಂಥಗಳು, ಅಮೆರಿಕದ ಆಲ್ಬರ್ಟ್ ಆಸ್ಬರ್ನ್ 1910ರಲ್ಲಿ ಬರೆದದ್ದೂ ಸೇರಿ, ರೋಮನ್ ಲಿಪಿಯನ್ನು ಮುಂದಿಟ್ಟುಕೊಂಡವು. ಕನ್ನಡ ಸಹಿಗೆ ಅವನ್ನು ಹಾಗೇ ಅನ್ವಯಿಸಲಾಗದು. ರೋಮನ್ ಕೂಡುಬರಹದಲ್ಲಿ ಅಕ್ಷರದಿಂದ ಅಕ್ಷರಕ್ಕೆ ಗೆರೆ ಹರಿಯುತ್ತದೆ. ಕನ್ನಡದಲ್ಲಿ ಪ್ರತಿ ಅಕ್ಷರಕ್ಕೂ ಪೆನ್ನು ಎತ್ತುವುದು ಸಹಜ, ಹಾಗಾಗಿ ಪೆನ್ನು ಎತ್ತಿದ್ದೆಲ್ಲ ಅನುಮಾನಕ್ಕೆ ಕಾರಣವಲ್ಲ. ಇಲ್ಲಿ ನೋಡಬೇಕಾದದ್ದು ಬರೆಯುವ ಕ್ರಮ. ತಲೆಕಟ್ಟನ್ನು ಕೆಲವರು ಮೊದಲು ಹಾಕುತ್ತಾರೆ, ಕೆಲವರು ಒಡಲು ಬರೆದ ಮೇಲೆ. ಕೊಂಬನ್ನು ಕೆಲವರು ಅಕ್ಷರದಿಂದ ಎತ್ತದೆಯೇ ಎಳೆಯುತ್ತಾರೆ, ಕೆಲವರು ಬೇರೆಯಾಗಿ ಅಂಟಿಸುತ್ತಾರೆ. ಸೊನ್ನೆ ಬಲಕ್ಕೆ ಸುತ್ತಿದೆಯೋ ಎಡಕ್ಕೋ ಎಂಬುದು ಬಾಲ್ಯದಲ್ಲಿ ಕೂತ ಅಭ್ಯಾಸ. ಖೋಟಾಗಾರ ಅದರ ಕಡೆ ಗಮನ ಕೊಡುವುದು ಅಪರೂಪ. ಈ ಸೀಮೆಯ ಹೆಸರುಗಳಲ್ಲಿ ಬಹಳಷ್ಟು ‘ಅಪ್ಪ’, ‘ಅಯ್ಯ’, ‘ಅಮ್ಮ’ ಎಂದು ಮುಗಿಯುತ್ತವೆ. ಆ ಕೊನೆಯ ಒತ್ತಕ್ಷರವನ್ನು ಸಹಿಯ ಬಾಲವಾಗಿ ಎಳೆಯುವ ರೀತಿ ಒಬ್ಬೊಬ್ಬರದು ಒಂದೊಂದು. ಅದೇ ಅತಿ ವೇಗದ ಗೆರೆಯಾದ್ದರಿಂದ ನಕಲು ಮಾಡುವುದು ಕಷ್ಟ.

ಗೌರಿಬಿದನೂರು, ಚಿಂತಾಮಣಿ ಕಡೆ ಮನೆಮಾತು ತೆಲುಗು ಆಗಿರುವ ಕುಟುಂಬಗಳು ಬಹಳ. ಒಬ್ಬರೇ ವ್ಯಕ್ತಿ ಪಂಚಾಯತಿಯಲ್ಲಿ ಕನ್ನಡದಲ್ಲೂ ನೆಂಟರ ಪತ್ರದಲ್ಲಿ ತೆಲುಗಿನಲ್ಲೂ ಬ್ಯಾಂಕಿನಲ್ಲಿ ಇಂಗ್ಲಿಷಿನಲ್ಲೂ ಸಹಿ ಮಾಡಿರುವುದುಂಟು. ಕನ್ನಡದ ತಲೆಕಟ್ಟು ಅಡ್ಡಗೆರೆಯಾಗಿ ಸಾಗಿ ಕೊಕ್ಕೆಯಾಗುತ್ತದೆ, ತೆಲುಗಿನದು ಸರಿ ಗುರುತಿನಂತೆ ಮೇಲಕ್ಕೆ ಚಿಮ್ಮುತ್ತದೆ. ತೆಲುಗಿನಲ್ಲಿ ಅಕ್ಷರ ಕಲಿತವರ ಕನ್ನಡ ಸಹಿಯಲ್ಲಿ ಆ ಚಿಮ್ಮು ಉಳಿದಿರುತ್ತದೆ. ಆಕಾರ ಮಾತ್ರ ನೋಡಿದವರು ಅದನ್ನು ದೋಷವೆಂದು ತಿದ್ದಿ ನಕಲು ಮಾಡಿದರೆ ಖೋಟಾ ಸಹಿ ಅಸಲಿಗಿಂತ ಶುದ್ಧವಾಗಿಬಿಡುತ್ತದೆ.

ಗೆರೆ ಎಷ್ಟೇ ಚೆನ್ನಾಗಿದ್ದರೂ ಕಾಗದ ಮತ್ತು ಇಂಕು ಕಾಲಕ್ಕೆ ಒಗ್ಗದಿದ್ದರೆ ವಿಚಾರ ಮುಗಿಯಿತು. ಬಾಲ್‌ಪೆನ್ನು ಅಮೆರಿಕದ ಅಂಗಡಿಗೆ ಬಂದದ್ದೇ 1945ರ ಕೊನೆಗೆ, ಆದ್ದರಿಂದ ನಂದಿಯ ಗಾಂಧಿ ಸಹಿ ಬಾಲ್‌ಪೆನ್ನಿನದಾಗಿರಲಾರದು. ಕಾಗದವನ್ನು ಬೆಳ್ಳಗೆ ಹೊಳೆಯಿಸುವ ರಾಸಾಯನಿಕ ಬಳಕೆಗೆ ಬಂದದ್ದು 1950ರ ಸುಮಾರಿಗೆ. ನೋಟು ಪರೀಕ್ಷಿಸುವ ನೇರಳಾತೀತ ಟಾರ್ಚು ಬಿಟ್ಟಾಗ ‘1927ರ ಹಾಳೆ’ ನೀಲಿಯಾಗಿ ಬೆಳಗಿದರೆ ಅದು ಆ ಕಾಲದ್ದಲ್ಲ. ತಲೆಬರಹದ ಮೇಲಿನ ವಿಳಾಸವೂ ಕಾಲ ಹೇಳುತ್ತದೆ. ಪಿನ್ ಕೋಡ್ ಶುರುವಾದದ್ದು 1972ರ ಆಗಸ್ಟ್ 15ರಂದು. ಚಿಕ್ಕಬಳ್ಳಾಪುರದ 562101 ಅಚ್ಚಾದ ಹಾಳೆಯ ಮೇಲೆ ವಿಶ್ವೇಶ್ವರಯ್ಯನವರು ಬರೆದಿರಲಾರರು. ಮೈಸೂರು ರಾಜ್ಯ ಕರ್ನಾಟಕವಾದದ್ದು 1973ರ ನವೆಂಬರ್ 1ರಂದು. ಚಿಕ್ಕಬಳ್ಳಾಪುರ ಕೋಲಾರದಿಂದ ಬೇರೆಯಾಗಿ ಜಿಲ್ಲೆಯಾದದ್ದು 2007ರಲ್ಲಿ. ಹೊಸ ಪೈಸೆ ಬಂದದ್ದು 1957ರ ಏಪ್ರಿಲ್‌ನಲ್ಲಿ. ಕ್ರಯಪತ್ರಗಳಲ್ಲಿ ಛಾಪಾ ಕಾಗದದ ಹಿಂಬದಿಯ ಮಾರಾಟದ ತಾರೀಖು ಮತ್ತು ಮೊಹರನ್ನು ಮೊದಲು ಓದಬೇಕು. ಖಾನಾಪುರದ ಅಬ್ದುಲ್ ಕರೀಂ ತೆಲಗಿಯ ಹಗರಣ ಹೊರಬಿದ್ದ ಮೇಲೆ ಛಾಪಾ ಕಾಗದವೇ ಖೋಟಾ ಆಗಿರಬಹುದೆಂಬುದು ನಾಡಿಗೆಲ್ಲ ಗೊತ್ತಾಯಿತು. ಆದರೆ ಈ ಪರೀಕ್ಷೆಗಳಿಗೆ ಒಂದು ಮಿತಿಯಿದೆ. ಕಾಲಕ್ಕೆ ಒಗ್ಗದ ಕಾಗದ ಸಹಿಯನ್ನು ಸುಳ್ಳೆಂದು ಸಾಧಿಸುತ್ತದೆ, ಒಗ್ಗಿದ ಕಾಗದ ಮಾತ್ರ ನಿಜವೆಂದು ಸಾಧಿಸುವುದಿಲ್ಲ. ಹಳೆಯ ಪುಸ್ತಕಗಳ ಖಾಲಿ ಹಾಳೆ ಯಾರಿಗಾದರೂ ಸಿಗುತ್ತದೆ.

ಹೋಲಿಕೆಗೆ ತಂದ ಮಾದರಿಯೇ ಖೋಟಾ ಆಗಿದ್ದರೆ ಏನಾಗುತ್ತದೆಂಬುದನ್ನು ಜಗತ್ತು 1983ರಲ್ಲಿ ಕಂಡಿತು. ಜರ್ಮನಿಯ ‘ಸ್ಟರ್ನ್’ ಪತ್ರಿಕೆ ಹಿಟ್ಲರನ ದಿನಚರಿಗಳೆಂದು ಪ್ರಕಟಿಸಲು ಹೊರಟ ಬರಹವನ್ನು ಹಸ್ತಾಕ್ಷರ ತಜ್ಞರು ಅಸಲಿ ಎಂದಿದ್ದರು. ಅವರಿಗೆ ಕೊಟ್ಟ ಮಾದರಿಗಳಲ್ಲಿ ಕೆಲವನ್ನು ದಿನಚರಿ ಬರೆದ ಕೊನ್ರಾಡ್ ಕುಯಾವ್ ಎಂಬವನೇ ಬರೆದಿದ್ದ. ಕೊನೆಗೆ ಗುಟ್ಟು ರಟ್ಟು ಮಾಡಿದ್ದು ಕಾಗದದಲ್ಲಿದ್ದ ಹೊಳಪಿನ ರಾಸಾಯನಿಕ. ಹಾಗಾಗಿ ಮಾದರಿಗಳು ಪತ್ರಾಗಾರ, ಗ್ರಂಥಾಲಯ, ವಸ್ತುಸಂಗ್ರಹಾಲಯಗಳಿಂದಲೇ ಬರಬೇಕು. ಹರಾಜಿನ ಕ್ಯಾಟಲಾಗ್ ಚಿತ್ರಗಳು ಅಭ್ಯಾಸಕ್ಕೆ ಆಗಬಹುದೇ ಹೊರತು ತೀರ್ಪಿಗಲ್ಲ. ಮುದ್ದೇನಹಳ್ಳಿಯಲ್ಲಿ ವಿಶ್ವೇಶ್ವರಯ್ಯನವರ ಮನೆಯ ವಸ್ತುಸಂಗ್ರಹಾಲಯವೂ ಬೆಂಗಳೂರಿನಲ್ಲಿ ರಾಜ್ಯ ಪತ್ರಾಗಾರವೂ ಇರುವಾಗ ಈ ಸೀಮೆಯವರಿಗೆ ಮಾದರಿಯ ಬರವಿಲ್ಲ.

ಮಾರಾಟಗಾರರು ಕೊಡುವ ‘ಅಸಲಿತನದ ಪ್ರಮಾಣಪತ್ರ’ಕ್ಕೆ ಅದನ್ನು ಕೊಟ್ಟವರ ಹೆಸರಿನಷ್ಟೇ ಬೆಲೆ. ಅಮೆರಿಕದಲ್ಲಿ 1990ರ ದಶಕದಲ್ಲಿ ಎಫ್‌ಬಿಐ ನಡೆಸಿದ ‘ಆಪರೇಷನ್ ಬುಲ್‌ಪೆನ್’ ತನಿಖೆಯಲ್ಲಿ ಬಯಲಾದ ಕ್ರೀಡಾಪಟುಗಳ ಖೋಟಾ ಸಹಿಗಳಿಗೂ ಪ್ರಮಾಣಪತ್ರಗಳು ಇದ್ದವು. ಅದಕ್ಕಿಂತ ಹೆಚ್ಚಿನದು ಕಾಗದ ನಡೆದುಬಂದ ದಾರಿ: ಯಾರು ಪಡೆದರು, ಯಾವಾಗ, ಎಲ್ಲಿ, ಅವರಿಂದ ಯಾರಿಗೆ ಬಂತು. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನು ಪರೀಕ್ಷಿಸುವ ಸಮಿತಿ ರಚಿಸಿದ್ದರು. ಹೇಳಿಕೆ ಯಾರದೇ ಇರಲಿ, ಪರೀಕ್ಷೆಗೆ ಒಡ್ಡಬೇಕೆಂಬ ಅವರ ಹಟ ‘ತಾತನ ಕಾಲದಿಂದ ಮನೆಯಲ್ಲಿದೆ’ ಎಂಬ ಮಾತಿಗೂ ಸಲ್ಲಬೇಕು. ಆ ಮಾತು ನಿಜವಿರಬಹುದು, ಆದರೆ ಫೋಟೋ, ಪತ್ರ, ದಿನಚರಿ, ಯಾವುದಾದರೊಂದು ಅದಕ್ಕೆ ಆಸರೆಯಾಗಬೇಕು.

ಬೆಂಗಳೂರಿನ ಪ್ರಭಾವದಿಂದ ಜಮೀನಿನ ಬೆಲೆ ಏರಿದ ಈ ತಾಲ್ಲೂಕುಗಳಲ್ಲಿ ಸಹಿಯ ಪ್ರಶ್ನೆ ಸಂಗ್ರಾಹಕರ ಹವ್ಯಾಸಕ್ಕೆ ನಿಲ್ಲುವುದಿಲ್ಲ; ಮೃತ್ಯುಪತ್ರ, ಅಧಿಕಾರಪತ್ರ, ಕ್ರಯಪತ್ರಗಳಾಗಿ ನ್ಯಾಯಾಲಯಕ್ಕೆ ಹೋಗುತ್ತದೆ. 1872ರ ಸಾಕ್ಷ್ಯ ಅಧಿನಿಯಮದ 45ನೆಯ ಕಲಂ ತಜ್ಞರ ಅಭಿಪ್ರಾಯಕ್ಕೂ, 47ನೆಯದು ಆ ಕೈಬರಹದ ಪರಿಚಯವಿದ್ದವರ ಅಭಿಪ್ರಾಯಕ್ಕೂ ಎಡೆ ಕೊಟ್ಟಿತ್ತು. 73ನೆಯ ಕಲಂ ನ್ಯಾಯಾಲಯವೇ ಸಹಿಗಳನ್ನು ಹೋಲಿಸಿ ನೋಡಲು ಅವಕಾಶ ಮಾಡಿತ್ತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ ಇವೇ ಕ್ರಮವಾಗಿ 39, 41 ಮತ್ತು 72ನೆಯ ಕಲಂಗಳು. ಮೂವತ್ತು ವರ್ಷ ದಾಟಿದ, ಇರಬೇಕಾದವರ ವಶದಿಂದಲೇ ಬಂದ ದಾಖಲೆಯ ಸಹಿಯನ್ನು ನ್ಯಾಯಾಲಯ ಅಸಲಿ ಎಂದು ಊಹಿಸಿಕೊಳ್ಳಬಹುದು. ತಜ್ಞರ ಅಭಿಪ್ರಾಯವನ್ನು ಎಚ್ಚರಿಕೆಯಿಂದ ತೂಗಬೇಕು, ಆದರೆ ಬೇರೆ ಬೆಂಬಲವಿಲ್ಲವೆಂಬ ಒಂದೇ ಕಾರಣಕ್ಕೆ ತಳ್ಳಿಹಾಕಬಾರದು ಎಂದು ಸುಪ್ರೀಂ ಕೋರ್ಟ್ 1980ರಲ್ಲಿ ಹೇಳಿತು. ಅದಕ್ಕೂ ಮೊದಲು, 1958ರಲ್ಲಿ, ಮೈಸೂರಿನಿಂದ ಹೋದ ಮೃತ್ಯುಪತ್ರದ ಮೊಕದ್ದಮೆಯೊಂದರಲ್ಲಿ ಅದೇ ನ್ಯಾಯಾಲಯ, ಸಹಿ ನಡುಗಿರುವುದೂ ಸೇರಿದಂತೆ ಅನುಮಾನದ ಸಂದರ್ಭಗಳನ್ನು ಪತ್ರ ಮುಂದಿಟ್ಟವರೇ ನಿವಾರಿಸಬೇಕು ಎಂಬ ತತ್ತ್ವವನ್ನು ಗಟ್ಟಿ ಮಾಡಿತು. ರಾಜ್ಯದ ನ್ಯಾಯವಿಜ್ಞಾನ ಪ್ರಯೋಗಾಲಯ ಬೆಂಗಳೂರಿನ ಮಡಿವಾಳದಲ್ಲಿದೆ. ಪೊಲೀಸು ಮತ್ತು ನ್ಯಾಯಾಲಯ ಕಳಿಸಿದ ದಾಖಲೆಗಳು ಅಲ್ಲಿ ಪರೀಕ್ಷೆಗೊಳ್ಳುತ್ತವೆ.

ಕಲಿಯುವ ಬಗೆಯಲ್ಲಿ ಅಡ್ಡದಾರಿ ಇಲ್ಲ. ಶಿಡ್ಲಘಟ್ಟದ ಮಾರುಕಟ್ಟೆಯಲ್ಲಿ ನೂಲು ಬಿಚ್ಚುವವರು ರೇಷ್ಮೆಗೂಡನ್ನು ಬೆರಳಲ್ಲಿ ಒತ್ತಿ ನೋಡಿ ಬೆಲೆ ಕಟ್ಟುವುದು ಅದಕ್ಕೆ ಮೊದಲು ರಾಶಿರಾಶಿ ಒಳ್ಳೆಯ ಗೂಡು ಕಂಡಿರುವುದರಿಂದ; ಸಹಿಯ ವಿಷಯವೂ ಅಂಥದ್ದೇ. ಒಬ್ಬರೇ ವ್ಯಕ್ತಿಯನ್ನು ಆರಿಸಿಕೊಂಡು, ಅವರ ನಿಸ್ಸಂದೇಹವಾದ ಸಹಿಗಳನ್ನು ವರ್ಷದ ಕ್ರಮದಲ್ಲಿ ಜೋಡಿಸಿ, ಯಾವ ಅಂಶ ಬದಲಾಗುತ್ತದೆ, ಯಾವುದು ಎಂದೂ ಬದಲಾಗುವುದಿಲ್ಲ ಎಂದು ಬರೆದಿಟ್ಟುಕೊಳ್ಳಬೇಕು. ಅದೇ ಸಹಿಯನ್ನು ತಾವೇ ನಿಧಾನವಾಗಿಯೂ ವೇಗವಾಗಿಯೂ ನಕಲು ಮಾಡಿ ಮಸೂರದಡಿ ಇಟ್ಟು ನೋಡಿದರೆ ಖೋಟಾಗಾರನ ಕಷ್ಟ ತಾನಾಗಿ ತಿಳಿಯುತ್ತದೆ. ಆ ಹಾಳೆಗಳನ್ನು ಅಭ್ಯಾಸ ಮುಗಿದೊಡನೆ ಹರಿದುಹಾಕಬೇಕು. ಖೋಟಾಗಳ ಅಧ್ಯಯನ ಆಮೇಲೆ. ಸಂಶಯ ಉಳಿದಾಗ ‘ಹೇಳಲಾಗದು’ ಎನ್ನುವುದೂ ಪೂರ್ತಿ ತೀರ್ಮಾನವೇ. ಒಳ್ಳೆಯ ಪರೀಕ್ಷಕರ ವರದಿಗಳಲ್ಲಿ ಅದು ಆಗಾಗ ಕಾಣುತ್ತದೆ.

ಎಪ್ಪತ್ತೈದು ವರ್ಷ ದಾಟಿದ, ಐತಿಹಾಸಿಕ ಇಲ್ಲವೇ ಸಾಹಿತ್ಯಿಕ ಮೌಲ್ಯದ ಹಸ್ತಪ್ರತಿ 1972ರ ಪುರಾವಸ್ತು ಕಾಯಿದೆಯ ವ್ಯಾಪ್ತಿಗೆ ಬರುತ್ತದೆ, ಖಾಸಗಿಯವರು ಅದನ್ನು ದೇಶದಿಂದ ಹೊರಗೆ ಕಳಿಸುವಂತಿಲ್ಲ. ನಂದಿ, ಮುದ್ದೇನಹಳ್ಳಿ, ಮಂಚೇನಹಳ್ಳಿ, ವಿದುರಾಶ್ವತ್ಥ ಕಡೆಯ ಹಳೆಯ ಮನೆಗಳಲ್ಲಿ ಇಂಥ ಪತ್ರವೋ ಸಹಿಯೋ ಇದ್ದವರು ಅದಕ್ಕೆ ಲ್ಯಾಮಿನೇಷನ್ ಮಾಡಿಸಬಾರದು, ಅಂಟು ಹಚ್ಚಬಾರದು, ಮಸುಕಾದ ಅಕ್ಷರವನ್ನು ತಿದ್ದಬಾರದು. ಅದು ಯಾರ ಕೈಗೆ ಯಾವಾಗ ಬಂತೆಂದು ನೆನಪಿರುವ ಹಿರಿಯರು ಮನೆಯಲ್ಲಿದ್ದರೆ, ಅವರ ಮಾತನ್ನು ಈಗಲೇ ಬೇರೆ ಹಾಳೆಯಲ್ಲಿ ತಾರೀಖಿನ ಸಮೇತ ಬರೆದು, ಅವರ ಸಹಿ ಹಾಕಿಸಿ, ಆ ಪತ್ರದ ಜೊತೆಗೇ ಇಡಬೇಕು.